ಅಂತರ ನಿಜ, ಕಾರಣ ಯಾವುದು?

ಎರಡು ಗುಂಪು, ಎರಡು ಶೇಕಡಾವಾರು, ನಡುವೆ ಒಂದು ಅಂತರ. ಮದ್ದು ತೆಗೆದುಕೊಂಡವರಲ್ಲಿ ನೂರಕ್ಕೆ ಇಷ್ಟು ಮಂದಿ ಗುಣವಾದರು, ತೆಗೆದುಕೊಳ್ಳದವರಲ್ಲಿ ಇಷ್ಟು. ಹೊಸ ಬೋಧನಾ ಕ್ರಮದಲ್ಲಿ ಇಷ್ಟು ಮಕ್ಕಳು ಪಾಸಾದರು, ಹಳೆಯದರಲ್ಲಿ ಇಷ್ಟು. ಆ್ಯಪ್‌ನ ಹೊಸ ಪುಟ ನೋಡಿದವರಲ್ಲಿ ಇಷ್ಟು ಜನ ಸಾಮಾನು ಕೊಂಡರು, ಹಳೆಯ ಪುಟ ನೋಡಿದವರಲ್ಲಿ ಇಷ್ಟು. ವೈದ್ಯಕೀಯ ಕಾಲೇಜಿನ ಎಂ.ಡಿ. ಪ್ರಬಂಧದಿಂದ ಹಿಡಿದು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಎ/ಬಿ ಪರೀಕ್ಷೆಯವರೆಗೆ ಈ ಬಗೆಯ ಹೋಲಿಕೆ ದಿನನಿತ್ಯದ ಕೆಲಸ. ಕಂಡ ಅಂತರವನ್ನು ನಂಬಬಹುದೇ ಎಂದು ನೋಡಲು ಸಂಖ್ಯಾಶಾಸ್ತ್ರ ಒಂದು ಪರೀಕ್ಷೆಯನ್ನು ಕೊಟ್ಟಿದೆ. ಪಠ್ಯಪುಸ್ತಕದಲ್ಲಿ ಅದಕ್ಕೊಂದು ಸೂತ್ರವಿದೆ, ಕಂಪ್ಯೂಟರಿನಲ್ಲಿ ಒಂದು ಗುಂಡಿಯಿದೆ. ಒತ್ತಿದರೆ ‘ಪಿ ಮೌಲ್ಯ’ ಎಂಬ ಸಂಖ್ಯೆ ಬರುತ್ತದೆ. ಅದು 0.05ಕ್ಕಿಂತ ಕಡಿಮೆ ಇದ್ದರೆ ಅಂತರ ‘ಗಣನೀಯ’, ಹೆಚ್ಚಿದ್ದರೆ ಅಲ್ಲ.

ಈ ಪರೀಕ್ಷೆಯ ಸುತ್ತ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಗಣನೀಯ ಎಂದು ಬಂದರೆ ಅಂತರ ನಿಜ, ಅದಕ್ಕೆ ಕಾರಣ ನಾವು ಪರೀಕ್ಷಿಸುತ್ತಿದ್ದ ಮದ್ದೋ ಪದ್ಧತಿಯೋ ಆಗಿದೆ. ಪಿ ಎಷ್ಟು ಚಿಕ್ಕದೋ ಪರಿಣಾಮ ಅಷ್ಟು ದೊಡ್ಡದು. ಗಣನೀಯವಲ್ಲ ಎಂದು ಬಂದರೆ ವ್ಯತ್ಯಾಸವೇ ಇಲ್ಲ. ಹೀಗೆ ನಂಬುವವರನ್ನು ಅಜ್ಞಾನಿಗಳೆಂದು ತಳ್ಳಿಹಾಕುವಂತಿಲ್ಲ. ತಾನು ಕೈಹಿಡಿದ ಮದ್ದೇ ಗೆಲ್ಲಲಿ ಎಂಬ ಆಸೆ ಯಾವ ಸಂಶೋಧಕನಿಗೂ ಇದ್ದೇ ಇರುತ್ತದೆ. ಆಸೆ ಇರುವ ಕಣ್ಣಿಗೆ ಐದಾರು ರೋಗಿಗಳ ಚೇತರಿಕೆಯೂ ದೊಡ್ಡ ಗೆಲುವಾಗಿ ಕಾಣುತ್ತದೆ. ಮೊದಲೇ ಗೆರೆ ಎಳೆದಿಟ್ಟ ನಿಯಮವೊಂದು ಈ ಆಸೆಗೆ ಕಡಿವಾಣ ಹಾಕುತ್ತದೆ. ಕಲಬುರಗಿಯ ಸಂಶೋಧಕನಿಗೂ ಕೇಂಬ್ರಿಜ್‌ನ ಸಂಶೋಧಕನಿಗೂ ಒಂದೇ ಅಳತೆಗೋಲು ಕೊಡುತ್ತದೆ. ನಿಯಮದ ಈ ಉಪಕಾರ ಸಣ್ಣದಲ್ಲ. ಗೊಂದಲ ಇರುವುದು ಬೇರೆಡೆ. ಪರೀಕ್ಷೆ ಕೇಳುವುದು ಒಂದೇ ಒಂದು ಕಿರಿದಾದ ಪ್ರಶ್ನೆ. ಅದಕ್ಕೆ ಸಿಕ್ಕ ಉತ್ತರವನ್ನು ಕೇಳದೇ ಇದ್ದ ಇನ್ನೂ ಮೂರು ಪ್ರಶ್ನೆಗಳ ಉತ್ತರವೆಂದು ಓದಲಾಗುತ್ತಿದೆ.

ಆ ಕಿರಿದಾದ ಪ್ರಶ್ನೆ ಯಾವುದೆಂದು ತಿಳಿಯಲು ಎರಡು ಪ್ರಮಾಣಗಳ ಹೋಲಿಕೆಯ ಹಳೆಯ ಉದಾಹರಣೆಯೊಂದು ನೆರವಾಗುತ್ತದೆ. 18ನೇ ಶತಮಾನದ ಕೊನೆಯ ಭಾಗದಲ್ಲಿ ಫ್ರಾನ್ಸಿನ ಗಣಿತಜ್ಞ ಪಿಯರ್ ಸಿಮೋನ್ ಲಾಪ್ಲಾಸ್ ಎರಡು ನಗರಗಳ ಜನನ ದಾಖಲೆಗಳನ್ನು ಪಕ್ಕಪಕ್ಕ ಇಟ್ಟುಕೊಂಡ. ಲಂಡನ್‌ನಲ್ಲಿ 1664ರಿಂದ 1757ರವರೆಗೆ 7,37,629 ಗಂಡು, 6,98,958 ಹೆಣ್ಣು ಶಿಶುಗಳು. ಪ್ಯಾರಿಸ್‌ನಲ್ಲಿ 1745ರಿಂದ 1770ರವರೆಗೆ 2,51,527 ಗಂಡು, 2,41,945 ಹೆಣ್ಣು. ಗಂಡುಶಿಶುಗಳ ಪ್ರಮಾಣ ಲಂಡನ್‌ನಲ್ಲಿ ಶೇ. 51.35, ಪ್ಯಾರಿಸ್‌ನಲ್ಲಿ ಶೇ. 50.97. ನೂರಕ್ಕೆ ಅರ್ಧದಷ್ಟೂ ಇಲ್ಲದ ಈ ಅಂತರಕ್ಕೆ ಬೆಲೆ ಕೊಡಬೇಕೇ?

ಇಂದಿನ ಸೂತ್ರದಲ್ಲಿ ಲೆಕ್ಕ ಹೀಗೆ ಸಾಗುತ್ತದೆ. ಎರಡೂ ನಗರಗಳಲ್ಲಿ ಗಂಡು ಹುಟ್ಟುವ ಸಂಭವ ಒಂದೇ ಎಂದು ಮೊದಲು ಒಪ್ಪಿಕೊಂಡುಬಿಡಬೇಕು. ಇದನ್ನೇ ಶೂನ್ಯ ಪ್ರಾಕ್ಕಲ್ಪನೆ ಎನ್ನುವುದು. ಹಾಗಿದ್ದರೆ ಎರಡೂ ಎಣಿಕೆಗಳನ್ನು ಕೂಡಿಸಿ ಒಂದೇ ಪ್ರಮಾಣ ತೆಗೆಯಬಹುದು; ಅದು ಶೇ. 51.25 ಬರುತ್ತದೆ. ಸಂಭವ ಒಂದೇ ಆಗಿದ್ದರೂ ಎರಡು ಎಣಿಕೆಗಳು ತಾಳೆಯಾಗಬೇಕೆಂದೇನೂ ಇಲ್ಲ, ಆಕಸ್ಮಿಕವಾಗಿ ಅಷ್ಟಿಷ್ಟು ಏರುಪೇರು ಇದ್ದೇ ಇರುತ್ತದೆ. ಎಷ್ಟು ಏರುಪೇರು ಸಹಜ? ಇಷ್ಟು ದೊಡ್ಡ ಎಣಿಕೆಗಳಿಗೆ ಅದು ನೂರಕ್ಕೆ 0.08ರಷ್ಟು ಮಾತ್ರ. ಕಂಡ ಅಂತರ 0.37ರ ಮೇಲಿದೆ, ಅಂದರೆ ಸಹಜ ಏರುಪೇರಿನ ನಾಲ್ಕೂವರೆ ಪಟ್ಟು. ಈ ‘ಎಷ್ಟು ಪಟ್ಟು’ ಎಂಬುದೇ ಪಠ್ಯಪುಸ್ತಕದ ಜೆಡ್ ಅಂಕ, ಅದು 1.96 ದಾಟಿದರೆ ಪಿ 0.05ರ ಕೆಳಗೆ ಇಳಿಯುತ್ತದೆ. ನಾಲ್ಕೂವರೆ ಪಟ್ಟಿನ ಅಂತರ ಬರೀ ಆಕಸ್ಮಿಕದಿಂದ ಲಂಡನ್‌ನ ಪರವಾಗಿ ಬೀಳುವುದು ಲಕ್ಷಗಟ್ಟಲೆ ಸಲಕ್ಕೆ ಒಮ್ಮೆ. ಲಾಪ್ಲಾಸ್ ತನ್ನದೇ ಬೇರೆ ವಿಧಾನದಿಂದ ಹೊರಟು ನಾಲ್ಕು ಲಕ್ಷಕ್ಕೆ ಒಂದರ ಆಸುಪಾಸಿಗೆ ಬಂದಿದ್ದ.

ಇಲ್ಲಿ ಪರೀಕ್ಷೆಯ ಕೆಲಸ ಮುಗಿಯಿತು. ‘ಬರೀ ಆಕಸ್ಮಿಕ ಎಂದುಕೊಂಡರೆ ಈ ಅಂತರ ಬಲು ಅಪರೂಪದ್ದು’ ಎಂದಷ್ಟೇ ಅದು ಹೇಳಿತು. ಪ್ಯಾರಿಸ್‌ನ ಗಾಳಿಯೋ ನೀರೋ ಊಟವೋ ಹೆಣ್ಣುಮಕ್ಕಳನ್ನು ಹೆಚ್ಚಿಸುತ್ತದೆ ಎಂದು ಅದು ಹೇಳಲಿಲ್ಲ. ಲಾಪ್ಲಾಸ್ ಕೂಡ ಹಾಗೆ ತೀರ್ಮಾನಿಸಲಿಲ್ಲ, ದಾಖಲೆಗಳನ್ನು ಕೆದಕಲು ಕುಳಿತ. ಪ್ಯಾರಿಸ್‌ನ ಜನನ ಲೆಕ್ಕದಲ್ಲಿ ಅನಾಥ ಶಿಶುಗಳ ಆಸ್ಪತ್ರೆಗೆ ಸೇರಿದ ಮಕ್ಕಳೂ ಸೇರಿದ್ದರು. ಸುತ್ತಲಿನ ಹಳ್ಳಿಗಳ ತಂದೆತಾಯಿಗಳು ಗಂಡುಮಗುವನ್ನು ಮನೆಯಲ್ಲಿ ಉಳಿಸಿಕೊಂಡು ಹೆಣ್ಣುಮಗುವನ್ನು ಅಲ್ಲಿಗೆ ಸಾಗಿಸುವುದು ಹೆಚ್ಚಾಗಿತ್ತು. ಆ ಮಕ್ಕಳನ್ನು ಬಿಟ್ಟು ಎಣಿಸಿದಾಗ ಪ್ಯಾರಿಸ್‌ನ ಪ್ರಮಾಣ ಬೇರೆಡೆಯ ಪ್ರಮಾಣಕ್ಕೆ, ಅಂದರೆ 21 ಹೆಣ್ಣಿಗೆ 22 ಗಂಡು ಎಂಬ ಲೆಕ್ಕಕ್ಕೆ, ಬಂದು ನಿಂತಿತು. ಅಂತರ ನಿಜವಾಗಿತ್ತು. ಅದರ ಕಾರಣ ಮಾತ್ರ ಹುಟ್ಟಿನಲ್ಲಿ ಇರಲಿಲ್ಲ, ಯಾರನ್ನು ಯಾವ ಊರಿನ ಪಟ್ಟಿಗೆ ಸೇರಿಸಿದರು ಎಂಬುದರಲ್ಲಿ ಇತ್ತು. ಎರಡು ಗುಂಪುಗಳು ಎರಡು ಗುಂಪುಗಳಾದದ್ದು ಹೇಗೆ ಎಂಬ ಪ್ರಶ್ನೆ ಸೂತ್ರದೊಳಗೆ ಎಲ್ಲೂ ಬರುವುದಿಲ್ಲ. ಈ ಲೇಖನದ ವಾದದ ತಿರುಳು ಇದೇ.

ಇದಕ್ಕೆ ಇನ್ನೂ ಬಲವಾದ ಪುರಾವೆ 1954ರಲ್ಲಿ ಅಮೆರಿಕದಲ್ಲಿ ನಡೆದ ಸಾಲ್ಕ್ ಪೋಲಿಯೊ ಲಸಿಕೆಯ ಪ್ರಯೋಗದಲ್ಲಿದೆ. ಸಂಖ್ಯಾಶಾಸ್ತ್ರ ಕಲಿತವರಿಗೆ ಅದರ ಒಂದು ಹೋಲಿಕೆ ಪರಿಚಿತ. ಅದೇ ಪ್ರಯೋಗದ ಇನ್ನೊಂದು ಹೋಲಿಕೆಯನ್ನು ಪರೀಕ್ಷೆಗೆ ಒಡ್ಡಿದವರು ಕಡಿಮೆ. ಕೆಲವು ಪ್ರದೇಶಗಳಲ್ಲಿ ತಂದೆತಾಯಿ ಒಪ್ಪಿಗೆ ಕೊಟ್ಟ ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಲಾಯಿತು. 2,00,745 ಮಕ್ಕಳಿಗೆ ಲಸಿಕೆ, 2,01,229 ಮಕ್ಕಳಿಗೆ ನೋಡಲು ಹಾಗೆಯೇ ಇರುವ ಉಪ್ಪುನೀರಿನ ಚುಚ್ಚುಮದ್ದು. ಯಾರಿಗೆ ಯಾವುದು ಎಂಬುದು ಮಕ್ಕಳಿಗೂ ಗೊತ್ತಿರಲಿಲ್ಲ, ರೋಗ ಪತ್ತೆ ಮಾಡುವ ವೈದ್ಯರಿಗೂ ಗೊತ್ತಿರಲಿಲ್ಲ. ಒಪ್ಪಿಗೆ ಸಿಗದ ಸುಮಾರು 3 ಲಕ್ಷ 38 ಸಾವಿರ ಮಕ್ಕಳಿಗೆ ಏನನ್ನೂ ಕೊಡಲಿಲ್ಲ, ಆದರೆ ಅವರಲ್ಲಿ ಎಷ್ಟು ಮಂದಿಗೆ ಪೋಲಿಯೊ ಬಂತು ಎಂಬ ಲೆಕ್ಕವನ್ನು ಇಟ್ಟರು. ಮಿಶಿಗನ್ ವಿಶ್ವವಿದ್ಯಾಲಯದ ಥಾಮಸ್ ಫ್ರಾನ್ಸಿಸ್ 1955ರ ಏಪ್ರಿಲ್ 12ರಂದು ಫಲಿತಾಂಶ ಪ್ರಕಟಿಸಿದರು. ಲಸಿಕೆ ಪಡೆದವರಲ್ಲಿ 57 ಮಕ್ಕಳಿಗೆ, ಉಪ್ಪುನೀರು ಪಡೆದವರಲ್ಲಿ 142 ಮಕ್ಕಳಿಗೆ ಪೋಲಿಯೊ ಬಂದಿತ್ತು. ಲಕ್ಷಕ್ಕೆ ಲೆಕ್ಕ ಹಾಕಿದರೆ 28 ಮತ್ತು 71. ಏನನ್ನೂ ಪಡೆಯದವರಲ್ಲಿ ಲಕ್ಷಕ್ಕೆ 46.

ಈ ಮೂರು ಸಂಖ್ಯೆಗಳನ್ನು ಜೋಡಿ ಜೋಡಿಯಾಗಿ ಪರೀಕ್ಷೆಗೆ ಹಾಕಿ ನೋಡಬೇಕು.

1. ಲಸಿಕೆ ಮತ್ತು ಉಪ್ಪುನೀರು, 28 ಮತ್ತು 71. ಜೆಡ್ ಅಂಕ ಸುಮಾರು 6. ಬರೀ ಆಕಸ್ಮಿಕದಿಂದ ಇಷ್ಟು ದೊಡ್ಡ ಅಂತರ ಬರುವುದು ಕೋಟಿಗಟ್ಟಲೆ ಸಲಕ್ಕೆ ಒಮ್ಮೆಯೂ ಕಷ್ಟ. ಲಸಿಕೆ ಕೆಲಸ ಮಾಡುತ್ತದೆ ಎಂದು ಜಗತ್ತು ನಂಬಿತು. ನಂಬಿದ್ದು ಸರಿ.

2. ಉಪ್ಪುನೀರು ಮತ್ತು ಏನೂ ಇಲ್ಲ, 71 ಮತ್ತು 46. ಅದೇ ಸೂತ್ರ, ಅದೇ ಊರುಗಳು, ಅದೇ ವರ್ಷ. ಜೆಡ್ ಅಂಕ ಸುಮಾರು 3.6. ಇದೂ ಗಣನೀಯ, ಅದೂ 0.05ರ ಗೆರೆಗಿಂತ ಬಹಳ ಕೆಳಗೆ, ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ.

ರೂಢಿಯ ನಂಬಿಕೆ ಸರಿಯಾಗಿದ್ದರೆ ಎರಡನೆಯ ಸಾಲಿನಿಂದ ಬರುವ ತೀರ್ಮಾನ ಒಂದೇ: ಉಪ್ಪುನೀರಿನ ಚುಚ್ಚುಮದ್ದು ಪೋಲಿಯೊ ತರುತ್ತದೆ. ಹಾಗೆಂದು ಯಾರೂ ಹೇಳಲಾರರು. ಆದರೆ ಹೇಳದಿರಲು ಬೇಕಾದ ಆಧಾರ ಪಿ ಮೌಲ್ಯದಲ್ಲಿ ಸಿಗುವುದಿಲ್ಲ. ಮೊದಲ ಸಾಲನ್ನು ಒಪ್ಪಿ ಎರಡನೆಯದನ್ನು ತಳ್ಳುವವರು ತಮಗೆ ಅರಿವಿಲ್ಲದೆಯೇ ಸೂತ್ರದ ಆಚೆ ಹೋಗಿ ಗುಂಪುಗಳ ಹಿನ್ನೆಲೆಯನ್ನು ವಿಚಾರಿಸಿರುತ್ತಾರೆ. ಒಪ್ಪಿಗೆ ಕೊಟ್ಟ ಕುಟುಂಬಗಳಲ್ಲಿ ಅನುಕೂಲಸ್ಥರು ಹೆಚ್ಚು, ಕೊಡದವರಲ್ಲಿ ಬಡವರು ಹೆಚ್ಚು. ಪೋಲಿಯೊ ವಿಚಿತ್ರ ರೋಗ. ನೈರ್ಮಲ್ಯ ಕಡಿಮೆ ಇರುವ ಕಡೆ ಮಗು ಎಳೆಯ ವಯಸ್ಸಿನಲ್ಲೇ, ತಾಯಿಯಿಂದ ಬಂದ ಪ್ರತಿಕಾಯಗಳ ರಕ್ಷಣೆ ಇನ್ನೂ ಇರುವಾಗಲೇ ವೈರಸ್ಸನ್ನು ಎದುರಿಸಿ, ಅಪಾಯವಿಲ್ಲದೆ ನಿರೋಧಶಕ್ತಿ ಗಳಿಸಿಕೊಳ್ಳುತ್ತದೆ. ಸ್ವಚ್ಛ ಮನೆಯ ಮಗುವಿಗೆ ಆ ಅವಕಾಶ ಸಿಗದೆ ಶಾಲೆಯ ವಯಸ್ಸಿನಲ್ಲಿ ರೋಗ ತಗಲುತ್ತದೆ. ಹೀಗಾಗಿ ಉಪ್ಪುನೀರು ಪಡೆದವರು ಮೊದಲಿನಿಂದಲೂ ಹೆಚ್ಚು ಅಪಾಯದಲ್ಲಿದ್ದ ಮಕ್ಕಳೇ. ಚೀಟಿ ಎತ್ತಿ ಮಾಡಿದ ಪಾಲಿನಲ್ಲಿ ಈ ಹಿನ್ನೆಲೆ ಎರಡೂ ಕಡೆಗೆ ಸಮವಾಗಿ ಹಂಚಿಹೋಯಿತು. ಒಪ್ಪಿಗೆಯ ಮೇಲೆ ಆದ ಪಾಲಿನಲ್ಲಿ ಒಂದೇ ಕಡೆ ರಾಶಿ ಬಿದ್ದಿತು.

ಪ್ರಯೋಗದ ಇನ್ನೊಂದು ಭಾಗ ಇದನ್ನೇ ಬೇರೆ ಬಗೆಯಲ್ಲಿ ತೋರಿಸುತ್ತದೆ. ಇತರ ಪ್ರದೇಶಗಳಲ್ಲಿ ಚೀಟಿ ಎತ್ತಲಿಲ್ಲ. ಒಪ್ಪಿಗೆ ಇದ್ದ ಎರಡನೇ ತರಗತಿಯ ಮಕ್ಕಳಿಗೆ ಲಸಿಕೆ ಹಾಕಿ, ಒಂದು ಮತ್ತು ಮೂರನೇ ತರಗತಿಯ ಎಲ್ಲ ಮಕ್ಕಳೊಂದಿಗೆ ಹೋಲಿಸಿದರು. ಅಲ್ಲಿ ಬಂದದ್ದು ಲಕ್ಷಕ್ಕೆ 25 ಮತ್ತು 54. ಇದೂ ನಿಸ್ಸಂಶಯವಾಗಿ ಗಣನೀಯ. ಆದರೆ ಒಂದು ಕಡೆ ಒಪ್ಪಿಗೆ ಕೊಟ್ಟವರ ಮಕ್ಕಳು ಮಾತ್ರ, ಇನ್ನೊಂದು ಕಡೆ ಎಲ್ಲರೂ. ಹೋಲಿಕೆಯ ಗುಂಪಿನಲ್ಲಿ ಕಡಿಮೆ ಅಪಾಯದ ಮಕ್ಕಳೂ ಬೆರೆತಿದ್ದರಿಂದ ಲಸಿಕೆಯ ಶಕ್ತಿ ಇದ್ದದ್ದಕ್ಕಿಂತ ಕಡಿಮೆಯಾಗಿ ಕಂಡಿತು. ಚೀಟಿ ಎತ್ತಿದ ಕಡೆ ರೋಗ ಶೇ. 60ರಷ್ಟು ಇಳಿದರೆ ಇಲ್ಲಿ ಇಳಿದದ್ದು ಶೇ. 54ರಷ್ಟು. ಎರಡೂ ಹೋಲಿಕೆಗಳಿಗೆ ಸೂತ್ರ ಒಂದೇ ಮುದ್ರೆ ಒತ್ತುತ್ತದೆ. ಯಾವುದು ನಂಬಲರ್ಹ ಎಂದು ವಿಂಗಡಿಸುವ ಶಕ್ತಿ ಅದಕ್ಕಿಲ್ಲ.

ಇದಕ್ಕೊಂದು ಆಕ್ಷೇಪ ಬರುತ್ತದೆ. ಯಾದೃಚ್ಛಿಕವಾಗಿ ಗುಂಪು ಮಾಡಬೇಕೆಂಬುದು ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ. ಸೂತ್ರವನ್ನು ತಪ್ಪಾಗಿ ಬಳಸುವವರ ದೋಷವನ್ನು ಸೂತ್ರದ ಮೇಲೆ ಹೊರಿಸುವುದು ನ್ಯಾಯವೇ? ಆಕ್ಷೇಪದಲ್ಲಿ ಸತ್ಯವಿದೆ. ಪರೀಕ್ಷೆಯನ್ನು ರೂಪಿಸಿದವರಲ್ಲಿ ಪ್ರಮುಖನಾದ ರೊನಾಲ್ಡ್ ಫಿಶರ್ ಪ್ರಯೋಗದ ವಿನ್ಯಾಸಕ್ಕೂ ಯಾದೃಚ್ಛಿಕ ಹಂಚಿಕೆಗೂ ಕೊಟ್ಟ ಒತ್ತು ಯಾರಿಗೂ ಕಡಿಮೆಯದಲ್ಲ. ಆದರೆ ಆ ಒತ್ತು ಪುಸ್ತಕದ ಒಂದು ಅಧ್ಯಾಯದಲ್ಲಿ ಉಳಿದು, 0.05ರ ಗೆರೆ ಇನ್ನೊಂದು ಅಧ್ಯಾಯಕ್ಕೆ ಹೋಗಿದೆ. ವಿದ್ಯಾರ್ಥಿಯ ಕೈಗೆ ಬರುವುದು ಎರಡನೆಯದು ಮಾತ್ರ. ಇನ್ನೂ ಮುಖ್ಯವಾದ ಮಾತೆಂದರೆ, ಸಮಾಜವನ್ನು ಕಾಡುವ ಹೋಲಿಕೆಗಳಲ್ಲಿ ಬಹುಪಾಲಿಗೆ ಚೀಟಿ ಎತ್ತಲು ಆಗುವುದೇ ಇಲ್ಲ. ಸರ್ಕಾರಿ ಶಾಲೆ ಮತ್ತು ಖಾಸಗಿ ಶಾಲೆ, ಬೀಡಿ ಸೇದುವವರು ಮತ್ತು ಸೇದದವರು, ನಗರ ಮತ್ತು ಹಳ್ಳಿ: ಈ ಗುಂಪುಗಳನ್ನು ಯಾವ ಸಂಶೋಧಕನೂ ಮಾಡಿದ್ದಲ್ಲ. ಅಲ್ಲಿ ಪಿ ಮೌಲ್ಯ ಎಷ್ಟು ಚಿಕ್ಕದಾದರೂ ಕಾರಣದ ಹುಡುಕಾಟ ಅಲ್ಲಿಂದ ಮುಂದಕ್ಕೆ ಶುರುವಾಗಬೇಕು.

ನಂಬಿಕೆಯ ಎರಡನೆಯ ತುಂಡು, ಪಿ ಚಿಕ್ಕದಾದಷ್ಟೂ ಪರಿಣಾಮ ದೊಡ್ಡದು ಎಂಬುದು. ಇದನ್ನು ಬಿಡಿಸಲು ಹೆಚ್ಚು ಹೊತ್ತು ಬೇಡ. ಅಮೆರಿಕದ 22,071 ಪುರುಷ ವೈದ್ಯರ ಮೇಲೆ ನಡೆದ ಆಸ್ಪಿರಿನ್ ಅಧ್ಯಯನದ ಮೊದಲ ಫಲಿತಾಂಶ 1988ರಲ್ಲಿ ಹೊರಬಂತು. ಆಸ್ಪಿರಿನ್ ತೆಗೆದುಕೊಂಡ 11,037 ಮಂದಿಯಲ್ಲಿ 104 ಮಂದಿಗೆ, ಹುಸಿಮಾತ್ರೆ ತೆಗೆದುಕೊಂಡ 11,034 ಮಂದಿಯಲ್ಲಿ 189 ಮಂದಿಗೆ ಹೃದಯಾಘಾತವಾಗಿತ್ತು. ಜೆಡ್ ಅಂಕ 5. ಪಿ ಹತ್ತು ಲಕ್ಷಕ್ಕೆ ಒಂದರ ಆಸುಪಾಸು. ಅಪಾಯ ಅರ್ಧಕ್ಕೆ ಹತ್ತಿರ ಇಳಿಯಿತು ಎಂದು ಹೇಳಿದರೂ ಸರಿಯೇ; ನೂರಕ್ಕೆ 1.71ರಿಂದ 0.94ಕ್ಕೆ ಇಳಿಯಿತು ಎಂದರೂ ಸರಿಯೇ. ಎರಡನೆಯ ರೀತಿಯಲ್ಲಿ ನೋಡಿದರೆ, ಸುಮಾರು 130 ಮಂದಿ ಸರಾಸರಿ ಐದು ವರ್ಷ ದಿನ ಬಿಟ್ಟು ದಿನ ಮಾತ್ರೆ ನುಂಗಿದರೆ ಒಬ್ಬರ ಹೃದಯಾಘಾತ ತಪ್ಪುತ್ತದೆ. 1989ರ ಅಂತಿಮ ವರದಿಯಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ ಸತ್ತವರ ಸಂಖ್ಯೆ ಆಸ್ಪಿರಿನ್ ಗುಂಪಿನಲ್ಲಿ 81, ಇನ್ನೊಂದರಲ್ಲಿ 83. ಪಿ ಚಿಕ್ಕದಾಗಲು ಒಂದು ಕಾರಣ ಅಂತರ, ಇನ್ನೊಂದು ಕಾರಣ ಇಪ್ಪತ್ತೆರಡು ಸಾವಿರ ಎಂಬ ಜನಸಂಖ್ಯೆ. ಎರಡನ್ನೂ ಅದು ಒಂದೇ ಅಂಕಿಯಲ್ಲಿ ಬೆರೆಸಿಬಿಡುತ್ತದೆ. ಮಾತ್ರೆ ನುಂಗಬೇಕೇ ಬೇಡವೇ ಎಂದು ಯೋಚಿಸುವ ರೋಗಿಗೆ ಬೇಕಾದದ್ದು ಬೆರಕೆಯ ಅಂಕಿಯಲ್ಲ, ನೂರರಲ್ಲಿ ಎಷ್ಟು ಮಂದಿಗೆ ಉಪಯೋಗ, ಎಷ್ಟು ಮಂದಿಗೆ ರಕ್ತಸ್ರಾವದ ಅಪಾಯ ಎಂಬ ಬಿಡಿಬಿಡಿ ಲೆಕ್ಕ.

ಮೂರನೆಯ ತುಂಡು ಎಲ್ಲಕ್ಕಿಂತ ಅಪಾಯಕಾರಿ: ಗಣನೀಯವಲ್ಲ, ಆದ್ದರಿಂದ ವ್ಯತ್ಯಾಸವಿಲ್ಲ. ಇದಕ್ಕೆ ಮನುಷ್ಯರು ಜೀವದ ಬೆಲೆ ತೆತ್ತಿದ್ದಾರೆ. ಹೃದಯಾಘಾತವಾದಾಗ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಸ್ಟ್ರೆಪ್ಟೊಕೈನೇಸ್ ಮದ್ದನ್ನು ನಾಳದ ಮೂಲಕ ಕೊಟ್ಟು ನೋಡುವ ಪ್ರಯೋಗಗಳು 1959ರಿಂದಲೇ ನಡೆದವು. ಬಹುಪಾಲು ಪ್ರಯೋಗಗಳು ಚಿಕ್ಕವು, ಒಂಟಿಯಾಗಿ ನೋಡಿದರೆ ‘ಗಣನೀಯವಲ್ಲ’. ಕೊನೆಗೆ 1986ರಲ್ಲಿ ಇಟಲಿಯ ಜಿಸ್ಸಿ ಎಂಬ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಮದ್ದು ಪಡೆದ 5,860 ರೋಗಿಗಳಲ್ಲಿ 628 ಮಂದಿ, ಪಡೆಯದ 5,852 ಮಂದಿಯಲ್ಲಿ 758 ಮಂದಿ 21 ದಿನಗಳೊಳಗೆ ತೀರಿಕೊಂಡಿದ್ದರು, ಶೇ. 10.7 ಮತ್ತು ಶೇ. 13. ಜೆಡ್ ಅಂಕ 3.7ರ ಮೇಲೆ. ಈಗ ಅದೇ ಎರಡು ಶೇಕಡಾವಾರುಗಳನ್ನು ಗುಂಪಿಗೆ 200 ರೋಗಿಗಳಿರುವ ಆಸ್ಪತ್ರೆಯೊಂದರ ಪ್ರಯೋಗಕ್ಕೆ ಹಾಕಿ ನೋಡಬೇಕು. ಒಂದು ಕಡೆ ಸುಮಾರು 21 ಸಾವು, ಇನ್ನೊಂದು ಕಡೆ 26. ಸಹಜ ಏರುಪೇರೇ ನೂರಕ್ಕೆ 3.2, ಕಂಡ ಅಂತರ 2.3. ಜೆಡ್ ಅಂಕ 0.7. ಮದ್ದು ಅದೇ, ಅದು ಉಳಿಸುವ ಜೀವಗಳ ಪ್ರಮಾಣವೂ ಅದೇ, ತೀರ್ಪು ಮಾತ್ರ ‘ವ್ಯತ್ಯಾಸವಿಲ್ಲ’. ಚಿಕ್ಕ ಪ್ರಯೋಗ ಹೇಳಬಹುದಾದದ್ದು ‘ನನ್ನ ಕಣ್ಣಿಗೆ ಕಾಣಲಿಲ್ಲ’ ಎಂದಷ್ಟೇ. ‘ಇಲ್ಲ’ ಎನ್ನಲು ಅದಕ್ಕೆ ಅಧಿಕಾರವಿಲ್ಲ. 1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಹಳೆಯ ಪ್ರಯೋಗಗಳನ್ನೆಲ್ಲ ಕಾಲಾನುಕ್ರಮದಲ್ಲಿ ಕೂಡಿಸುತ್ತ ಬಂತು. 1973ರ ಹೊತ್ತಿಗೇ, ಎಂಟು ಪ್ರಯೋಗಗಳ 2,432 ರೋಗಿಗಳ ಲೆಕ್ಕ ಸೇರಿದಾಗಲೇ, ಮದ್ದಿನ ಉಪಯೋಗ ಆಕಸ್ಮಿಕವಲ್ಲ ಎಂದು ಸ್ಪಷ್ಟವಾಗಿತ್ತು. ನಡುವಿನ ಹದಿಮೂರು ವರ್ಷ ವೈದ್ಯಕೀಯ ಜಗತ್ತು ಆ ಪ್ರಶ್ನೆಯನ್ನು ಇತ್ಯರ್ಥವಾಗದ್ದೆಂದೇ ನೋಡುತ್ತಿತ್ತು.

ಈ ಮೂರರ ಬೇರಿನಲ್ಲಿ ಇನ್ನೊಂದು ತಪ್ಪು ಓದು ಕುಳಿತಿದೆ. ಪಿ 0.05 ಎಂದರೆ ‘ಮದ್ದು ಕೆಲಸ ಮಾಡುತ್ತದೆ ಎಂಬುದು ಶೇ. 95ರಷ್ಟು ಖಚಿತ’ ಎಂದು ಪ್ರಬಂಧಗಳಲ್ಲಿ ಬರೆಯುವುದುಂಟು. ಪಿ ಹೇಳುವುದು, ಮದ್ದಿನಲ್ಲಿ ಏನೂ ಇಲ್ಲದಿದ್ದರೆ ಇಂಥ ಅಂತರ ಎಷ್ಟು ಅಪರೂಪ ಎಂಬುದನ್ನು. ಅಂತರ ಕಂಡ ಮೇಲೆ ಮದ್ದಿನಲ್ಲಿ ಏನೂ ಇಲ್ಲದಿರುವ ಸಂಭವ ಎಷ್ಟು ಎಂಬುದು ಬೇರೆಯೇ ಪ್ರಶ್ನೆ. ಸಾವಿರ ಹೊಸ ಮದ್ದುಗಳನ್ನು ಪರೀಕ್ಷಿಸುತ್ತಿದ್ದಾರೆ, ಅವುಗಳಲ್ಲಿ ನೂರು ಮಾತ್ರ ನಿಜಕ್ಕೂ ಕೆಲಸ ಮಾಡುವಂಥವು ಎಂದು ಲೆಕ್ಕಕ್ಕೆ ಹಿಡಿಯೋಣ. ಒಳ್ಳೆಯ ಪ್ರಯೋಗಗಳು ಆ ನೂರರಲ್ಲಿ 80ನ್ನು ಪತ್ತೆ ಮಾಡುತ್ತವೆ. ಉಳಿದ 900ರಲ್ಲಿ ಇಪ್ಪತ್ತಕ್ಕೆ ಒಂದರಂತೆ 45 ಮದ್ದುಗಳು ಆಕಸ್ಮಿಕವಾಗಿ ಗೆರೆ ದಾಟುತ್ತವೆ. ಗಣನೀಯ ಎಂಬ ಮುದ್ರೆ ಪಡೆದ 125ರಲ್ಲಿ 45 ಹುಸಿ, ಅಂದರೆ ಶೇ. 36. ನೂರಕ್ಕೆ ಐದು ಎಂದು ನಂಬಿದ್ದವರಿಗೆ ಇದು ಏಳು ಪಟ್ಟು ಹೆಚ್ಚು. ಅಮೆರಿಕದ ಸಂಖ್ಯಾಶಾಸ್ತ್ರ ಸಂಘ 2016ರಲ್ಲಿ ಪಿ ಮೌಲ್ಯದ ಬಗ್ಗೆ ಹೇಳಿಕೆ ಹೊರಡಿಸಬೇಕಾಗಿ ಬಂದದ್ದು ಇಂಥ ಓದುಗಳು ಹಬ್ಬಿದ್ದರಿಂದಲೇ. ಪಿ ಎಂಬುದು ಪ್ರಾಕ್ಕಲ್ಪನೆ ನಿಜವಾಗಿರುವ ಸಂಭವವಲ್ಲ, ಅದು ಪರಿಣಾಮದ ಗಾತ್ರವನ್ನೂ ಅಳೆಯುವುದಿಲ್ಲ ಎಂದು ಆ ಹೇಳಿಕೆ ನೇರವಾಗಿ ಸಾರಿತು.

ಹಾಗಾದರೆ ಪರೀಕ್ಷೆಯನ್ನೇ ಕೈಬಿಡಬೇಕೇ? ಸಾಮಾಜಿಕ ಮನೋವಿಜ್ಞಾನದ ನಿಯತಕಾಲಿಕವೊಂದು 2015ರಲ್ಲಿ ಹಾಗೆಯೇ ಮಾಡಿತು, ಪಿ ಮೌಲ್ಯವನ್ನು ತನ್ನ ಪುಟಗಳಿಂದ ನಿಷೇಧಿಸಿತು. ಇದು ಇನ್ನೊಂದು ತುದಿಯ ತಪ್ಪು. ಪರೀಕ್ಷೆ ಕೇಳುವ ಕಿರಿದಾದ ಪ್ರಶ್ನೆ ಕಿರಿದಾದರೂ ಅನಿವಾರ್ಯ. ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದಾಗಲೆಲ್ಲ ‘ಶೇ. 100 ಫಲಿತಾಂಶ’ ಪಡೆದ ಶಾಲೆಗಳ ಎಣಿಕೆ ನಡೆಯುತ್ತದೆ. 12 ಮಕ್ಕಳಿರುವ ಶಾಲೆ, 300 ಮಕ್ಕಳಿರುವ ಶಾಲೆ ಎರಡೂ ಒಂದೇ ಪಟ್ಟಿಯಲ್ಲಿ ನಿಲ್ಲುತ್ತವೆ. ಪ್ರತಿ ಮಗು ಪಾಸಾಗುವ ಸಂಭವ ಹತ್ತಕ್ಕೆ ಒಂಬತ್ತು ಇರುವ ಶಾಲೆಯಲ್ಲಿ 12 ಮಕ್ಕಳೂ ಪಾಸಾಗುವ ಸಂಭವ ಶೇ. 28; ಅಂಥ ಶಾಲೆಗೆ ಮೂರು ನಾಲ್ಕು ವರ್ಷಕ್ಕೊಮ್ಮೆ ನೂರಕ್ಕೆ ನೂರು ತಾನಾಗಿ ಬರುತ್ತದೆ. 300 ಮಕ್ಕಳ ಶಾಲೆಯಲ್ಲಿ ಹಾಗಾಗುವ ಸಂಭವ ಇಲ್ಲವೆಂದೇ ಹೇಳಬೇಕು. ಒಂದು ಶಾಲೆಯ ಮುಖ್ಯೋಪಾಧ್ಯಾಯರಿಗೆ ಸನ್ಮಾನ, ಮರುವರ್ಷ ಒಂದು ಮಗು ಫೇಲಾದರೆ ನೋಟಿಸು ಎಂಬ ಅನ್ಯಾಯವನ್ನು ತಡೆಯಲು ಆಕಸ್ಮಿಕದ ಲೆಕ್ಕ ಬೇಕೇ ಬೇಕು. ಅದನ್ನು ನಿಷೇಧಿಸಿದರೆ ಉಳಿಯುವುದು ಸಂಖ್ಯೆಗಳನ್ನು ಕಂಡಂತೆ ನಂಬುವ ಹಳೆಯ ಅಭ್ಯಾಸ. ಫಿಶರ್ 1926ರಷ್ಟು ಹಿಂದೆಯೇ ಬರೆದಂತೆ, ಇಪ್ಪತ್ತಕ್ಕೆ ಒಂದು ಎಂಬುದು ಅನುಕೂಲಕ್ಕೆ ಎಳೆದ ಗೆರೆ. ಒಂದು ಸಲ ಗೆರೆ ದಾಟಿದ ಮಾತ್ರಕ್ಕೆ ವಿಷಯ ಸಿದ್ಧವಾಗುವುದಿಲ್ಲ. ಚೆನ್ನಾಗಿ ರೂಪಿಸಿದ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿದಾಗ ಅದು ಗೆರೆ ದಾಟದೆ ಉಳಿಯುವುದು ಅಪರೂಪವಾಗಬೇಕು. ಈ ಷರತ್ತನ್ನು ಮರೆತವರ ಕೈಯಲ್ಲಿ ಗೆರೆ ಗೋಡೆಯಾಗಿದೆ.

ಕರ್ನಾಟಕಕ್ಕೆ ಹತ್ತಿರದ, ಲಾಪ್ಲಾಸ್‌ನ ಪ್ರಶ್ನೆಗೂ ಹತ್ತಿರದ ಒಂದು ಅಂತರವನ್ನು ಈ ಬೆಳಕಿನಲ್ಲಿ ನೋಡಬಹುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2015-16ರ ನಾಲ್ಕನೇ ಸುತ್ತಿನಲ್ಲಿ ರಾಜ್ಯದಲ್ಲಿ ಹಿಂದಿನ ಐದು ವರ್ಷಗಳಲ್ಲಿ ಹುಟ್ಟಿದ ಮಕ್ಕಳ ಲಿಂಗಾನುಪಾತ ಸಾವಿರ ಗಂಡಿಗೆ 910 ಹೆಣ್ಣು ಇತ್ತು. ಐದನೇ ಸುತ್ತಿನಲ್ಲಿ ಅದು 978. ಅರವತ್ತೆಂಟರ ಜಿಗಿತ ಕೇಳಲು ಸಂತೋಷ ತರುವಂಥದ್ದು. ಪ್ರಮಾಣವಾಗಿ ಬರೆದರೆ ಗಂಡುಶಿಶುಗಳ ಪಾಲು ಶೇ. 52.36ರಿಂದ ಶೇ. 50.56ಕ್ಕೆ ಇಳಿದಂತೆ, ಅಂತರ ನೂರಕ್ಕೆ 1.8. ಒಂದೊಂದು ಸುತ್ತಿನಲ್ಲಿ ಐದು ಸಾವಿರ ಜನನಗಳು ಲೆಕ್ಕಕ್ಕೆ ಬಂದಿದ್ದರೆ ಜೆಡ್ ಅಂಕ 1.8, ಗೆರೆಯ ಈಚೆ. ಹತ್ತು ಸಾವಿರ ಬಂದಿದ್ದರೆ 2.5, ಗೆರೆಯ ಆಚೆ. ಸಮೀಕ್ಷೆ ಮನೆಗಳನ್ನು ಬಿಡಿಬಿಡಿಯಾಗಿ ಆರಿಸುವುದಿಲ್ಲ, ಮೊದಲು ಹಳ್ಳಿಗಳನ್ನೂ ನಗರದ ಗಣತಿ ಬ್ಲಾಕುಗಳನ್ನೂ ಆರಿಸಿ ಅವುಗಳೊಳಗೆ ಮನೆಗಳಿಗೆ ಹೋಗುತ್ತದೆ. ಆದ್ದರಿಂದ ಸಹಜ ಏರುಪೇರು ಪಠ್ಯಪುಸ್ತಕದ ಸೂತ್ರ ಹೇಳುವುದಕ್ಕಿಂತ ಹೆಚ್ಚೇ ಇರಬಹುದು. ಅಂತರ ಗೆರೆ ದಾಟಿತೆಂದೇ ಇಟ್ಟುಕೊಂಡರೂ ಕಾರಣ ಕೈಗೆ ಬಂದಂತಾಗಲಿಲ್ಲ. ಯಾರ ಕೈವಾಡವೂ ಇಲ್ಲದೆ ಹುಟ್ಟುವ ಮಕ್ಕಳಲ್ಲಿ ನೂರು ಹೆಣ್ಣಿಗೆ ಸುಮಾರು 105 ಗಂಡು, ಅಂದರೆ ಸಾವಿರ ಗಂಡಿಗೆ 950ರ ಆಸುಪಾಸು ಹೆಣ್ಣು ಎಂಬುದು ಜಗತ್ತಿನಾದ್ಯಂತ ಕಂಡಿರುವ ಲೆಕ್ಕ. ಭ್ರೂಣಲಿಂಗ ಪತ್ತೆ ಪೂರ್ತಿ ನಿಂತುಹೋದರೂ ಸಂಖ್ಯೆ ಹೋಗಿ ನಿಲ್ಲಬೇಕಾದದ್ದು ಅಲ್ಲಿಗೆ. 978 ಅದನ್ನೂ ದಾಟಿದೆ. ಹಾಗಾಗಿ ಆ ಜಿಗಿತದ ಒಂದು ಪಾಲಾದರೂ ಮನೋಭಾವದ ಬದಲಾವಣೆಯಲ್ಲ, ಮಾದರಿಯ ಏರುಪೇರು ಅಥವಾ ಎಣಿಕೆಯ ಲೋಪ ಎಂದೇ ಓದಬೇಕು.

ಇಂಥ ಅಂತರಗಳನ್ನು ಪ್ರಕಟಿಸುವ ಇಲಾಖೆಗಳೂ ಪತ್ರಿಕೆಗಳೂ ಶೇಕಡಾವಾರಿನ ಪಕ್ಕದಲ್ಲಿ ಅದು ಎಷ್ಟು ಜನನಗಳ, ಎಷ್ಟು ರೋಗಿಗಳ, ಎಷ್ಟು ಮಕ್ಕಳ ಲೆಕ್ಕ ಎಂಬುದನ್ನು ಅಚ್ಚು ಹಾಕಲಿ. ಅಂತರ ಎಷ್ಟರಿಂದ ಎಷ್ಟರವರೆಗೆ ಇರಬಹುದು ಎಂಬ ವ್ಯಾಪ್ತಿಯನ್ನು ಕೊಡಲಿ. ಗುಂಪುಗಳು ಹೇಗೆ ಆದವು ಎಂಬುದನ್ನು ಒಂದು ಸಾಲಿನಲ್ಲಾದರೂ ತಿಳಿಸಲಿ. ಅಲ್ಲಿಯವರೆಗೆ 910 ಮತ್ತು 978 ಎಂಬ ಎರಡು ಅಂಕಿಗಳನ್ನು ತೋರಿಸಿ ಸ್ಕ್ಯಾನಿಂಗ್ ಕೇಂದ್ರಗಳ ಮೇಲಿನ ತಪಾಸಣೆಯನ್ನು, 1994ರ ಲಿಂಗಪತ್ತೆ ತಡೆ ಕಾಯ್ದೆಯ ಜಾರಿಯನ್ನು ಸಡಿಲಿಸುವುದಕ್ಕೆ ಆಧಾರವಿಲ್ಲ.